ಎಲೆ ಹಾಕಿ ಬಡಿಸಿದ ಕಾಲಿಂಗ್ ಬೆಲ್ಲು

ಅಂಬುಜಮ್ಮನವರ ಕೈಗೆ ಸುಮ್ಮನಿರುವ ಅಭ್ಯಾಸವೇ ಇಲ್ಲ. ಬಸ್ಸಿನಲ್ಲಿ ಪಕ್ಕದವರ ಚೀಲದ ಜಿಪ್ಪು ಸಿಕ್ಕಿಕೊಂಡರೆ 'ಕೊಡಿ ಇಲ್ಲಿ' ಎಂದು ಕಿತ್ತುಕೊಂಡು ಸರಿಮಾಡಿ ಕೊಡುತ್ತಾರೆ. ಮದುವೆಮನೆಗೆ ಹೋದರೆ ಯಾರದೋ ಮಗುವಿನ ಅಂಗಿಯ ಗುಂಡಿ ಹಾಕಿ ಬರುತ್ತಾರೆ. ಗುಣವೇನೋ ಒಳ್ಳೆಯದೇ, ಆದರೆ ಅದರ ಜೊತೆ ಬಾಳುವೆ ಮಾಡುವವರನ್ನು ಕೇಳಿ ನೋಡಬೇಕು. ಗಂಡ ಸುಧೀಂದ್ರ ಪೇಪರಿನ ಪದಬಂಧ ತುಂಬಲು ಪೆನ್ನು ಹುಡುಕಿ ತರುವಷ್ಟರಲ್ಲಿ ಅರ್ಧ ತುಂಬಿರುತ್ತದೆ. ಅವರು ಜಗಳ ಆಡುವುದನ್ನು ಬಿಟ್ಟು ಬಹಳ ಕಾಲವಾಯಿತು. ಈಗ ಎರಡು ಪೇಪರು ತರಿಸುತ್ತಾರೆ.

ಹೆಣ್ಣುಮಕ್ಕಳ ಪಾಲಿಟೆಕ್ನಿಕ್ಕೊಂದರಲ್ಲಿ ಅಂಬುಜಮ್ಮ ಎಲೆಕ್ಟ್ರಾನಿಕ್ಸ್ ಲ್ಯಾಬ್ ನೋಡಿಕೊಳ್ಳುತ್ತಿದ್ದರು. ತಮ್ಮ ಲ್ಯಾಬಿನಿಂದ ಕೆಲಸ ಮಾಡದ ಸರ್ಕ್ಯೂಟು ಒಂದೂ ಹೊರಗೆ ಹೋಗಿಲ್ಲ ಎಂಬುದು ಅವರ ಹೆಮ್ಮೆ. ಅದರಲ್ಲಿ ಅರ್ಧದಷ್ಟು ಅವರ ಕೈಯಿಂದಲೇ ಮುಗಿದದ್ದು ಎಂಬುದನ್ನು ಹುಡುಗಿಯರು ಹೇಳಲಿಲ್ಲ, ಅವರೂ ಯೋಚಿಸಲಿಲ್ಲ. ರಿಟೈರ್ ಆಗಿ ವಿಜಯನಗರದ ಮನೆಯಲ್ಲಿ ಕೂತ ಮೇಲೆ ಆ ಕೈಗಳಿಗೆ ಹುಚ್ಚು ಹಿಡಿಯುವುದೊಂದು ಬಾಕಿ. ಮಿಕ್ಸಿ ಬಿಚ್ಚಿದರು, ಗೀಸರ್ ಬಿಚ್ಚಿದರು, ಪಕ್ಕದ ಮನೆಯವರ ಚೆನ್ನಾಗಿಯೇ ಓಡುತ್ತಿದ್ದ ಗಡಿಯಾರವನ್ನೂ ಬಿಚ್ಚಿದರು.

ಅದೇ ಬೀದಿಯ ಅನಿಕೇತ್ ಎಂಬ ಇಂಜಿನಿಯರ್ ಹುಡುಗ ಬಡಾವಣೆಯ ಸಂಘದ ಹಾಲಿನಲ್ಲಿ ಶನಿವಾರ ಶನಿವಾರ ಮಕ್ಕಳಿಗೆ ಕಾರ್ಯಾಗಾರ ನಡೆಸುತ್ತಿದ್ದ. ದೀಪ, ಫ್ಯಾನು, ಬೆಲ್ಲು, ಎಲ್ಲವನ್ನೂ ಮಕ್ಕಳೇ ಜೋಡಿಸಬೇಕು. 'ಆಂಟಿ, ಒಂದ್ಸಲ ಬಂದು ನೋಡಿ ಹೇಳಿ' ಎಂದು ಅವನು ಕರೆದದ್ದೇ ತಡ, ಬೆರಳು ತೋರಿಸಿದರೆ ಹಸ್ತ ನುಂಗಿದ ಹಾಗೆ ಅಂಬುಜಮ್ಮ ಕಾರ್ಯಾಗಾರವನ್ನೇ ವಹಿಸಿಕೊಂಡುಬಿಟ್ಟರು.

ಮಾನಸ ಬಂದದ್ದು ಅಲ್ಲಿಗೆ. ಅವಳ ಅಪ್ಪ ಬೈರಪ್ಪ ಹಳೆಯ ಕೆಂಗೇರಿಯವರು. ಹೊಲ ಹೋಗಿ ಲೇಔಟ್ ಬಂದ ಮೇಲೆ ಸಿಮೆಂಟು, ಕಬ್ಬಿಣದ ಅಂಗಡಿ ಇಟ್ಟಿದ್ದಾರೆ. ಮಾನಸಳಿಗೆ ಇಪ್ಪತ್ತಾರು ವರ್ಷ. ಕಲಿಕೆ ನಿಧಾನ. ಲೆಕ್ಕ ಹತ್ತುವುದಿಲ್ಲ, ಉದ್ದ ಮಾತು ಹೇಳಿದರೆ ಅರ್ಧದಲ್ಲೇ ಕಳೆದುಹೋಗುತ್ತದೆ. ಸರ್ಕಾರದ ಪ್ರಮಾಣಪತ್ರದಲ್ಲಿ ಅದನ್ನು ಬೌದ್ಧಿಕ ಅಂಗವಿಕಲತೆ ಎಂದು ಬರೆದಿದ್ದಾರೆ. ನೆಂಟರು ಅಷ್ಟು ಉದ್ದ ಹೋಗದೆ 'ಪಾಪ' ಅನ್ನುತ್ತಾರೆ. ಎರಡನ್ನೂ ಕೇಳಿದವರಿಗೆ ಮಾನಸ ಯಾರೆಂದು ಗೊತ್ತಾಗುವುದಿಲ್ಲ. ಹಸಿರು ಬಳೆಯೆಂದರೆ ಪ್ರಾಣ, ಸುಳ್ಳು ಹೇಳಲು ಬರುವುದಿಲ್ಲ, ಹಟಕ್ಕೆ ಬಿದ್ದರೆ ಬ್ರಹ್ಮ ಬಂದರೂ ಅಲ್ಲಾಡುವುದಿಲ್ಲ. ಮಾನಸ ಎಂದರೆ ಇಷ್ಟು, ಇನ್ನೂ ಎಷ್ಟೋ.

ಒಂದು ಶನಿವಾರ ಚಿಕ್ಕಮ್ಮನ ಮಗನನ್ನು ಕಾರ್ಯಾಗಾರಕ್ಕೆ ಬಿಡಲು ತಾಯಿ ವಿಮಲಮ್ಮನ ಜೊತೆ ಮೆಟ್ರೋದಲ್ಲಿ ಬಂದಿದ್ದಳು. ತಾಯಿ ಅವಳನ್ನು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಮಕ್ಕಳಿಗೆಲ್ಲ ಜೋಡಿಸುವ ಸಾಮಾನಿನ ಡಬ್ಬ ಹಂಚಿದ ಮೇಲೆ ಮಾನಸ ಎದ್ದು ನೇರ ಮೇಜಿನ ಹತ್ತಿರ ಬಂದಳು.

"ನಂದೆಲ್ಲಿ?"

ಮಕ್ಕಳು ನಕ್ಕರು. ಅನಿಕೇತ್ ತಲೆ ಕೆರೆದುಕೊಂಡ. ವಿಮಲಮ್ಮ ಓಡಿ ಬಂದು ಮಗಳ ತೋಳು ಹಿಡಿದರು. ಅಂಬುಜಮ್ಮ ಮಾತ್ರ, ಹೌದಲ್ಲ, ಇವಳದ್ದೆಲ್ಲಿ, ಎಂದುಕೊಂಡು ಮೇಜಿನ ಮೇಲೆ ಜಾಗ ಮಾಡಿಕೊಟ್ಟರು. ಮಾನಸಳಂಥವರಿಗೇ ಒಂದು ಬ್ಯಾಚು ಶುರುವಾದದ್ದು ಹಾಗೆ. ಅನಿಕೇತ್ ಅಲ್ಲಿ ಇಲ್ಲಿ ವಿಚಾರಿಸಿ ಇನ್ನಷ್ಟು ಜನರನ್ನು ಸೇರಿಸಿದ. ಅವರಲ್ಲಿ ಬಸವೇಶ್ವರನಗರದ ಗೌತಮ್ ಒಬ್ಬ. ಮೀಸೆ ಬಂದ ಗಂಡಾಳು, ಮಾತು ಬಹಳ ಕಡಿಮೆ, ಗದ್ದಲವೆಂದರೆ ಆಗದು.

ಮೊದಲ ಶನಿವಾರದ ಕಥೆ ಕೇಳಬೇಡಿ. ಅನಿಕೇತ್ ಪ್ರೊಜೆಕ್ಟರಿನಿಂದ ಗೋಡೆಯ ಮೇಲೆ ಚಿತ್ರ ಬಿಟ್ಟು ವಿದ್ಯುತ್ತೆಂದರೇನು ಎಂದು ವಿವರಿಸತೊಡಗಿದ. ಅರ್ಧ ಜನ ಕಿಟಕಿ ನೋಡಿದರು. ಸಾಸಿವೆಯಂಥ ಸ್ಕ್ರೂಗಳು ನೆಲದ ಪಾಲಾದವು. ಬಿಟ್ಟುಕೊಡುವ ಜಾಯಮಾನವೇ ಅಂಬುಜಮ್ಮನದು? ಒಬ್ಬೊಬ್ಬರ ಹಿಂದೆ ನಿಂತು, ಹೆಗಲ ಮೇಲಿಂದ ಕೈ ಚಾಚಿ, ವೈರು ಸುತ್ತಿ, ಸ್ಕ್ರೂ ಬಿಗಿದು, ಎಲ್ಲರ ದೀಪವನ್ನೂ ಉರಿಸಿಯೇ ಬಿಟ್ಟರು. ಅಪ್ಪ ಅಮ್ಮಂದಿರು ಜೋರಾಗಿ ಚಪ್ಪಾಳೆ ಹೊಡೆದರು. ಗೌತಮ್ ಕಿವಿ ಮುಚ್ಚಿಕೊಂಡು ಮೆಟ್ಟಿಲ ಕೆಳಗೆ ಹೋಗಿ ಕೂತ. ಆದರೂ ಫೋಟೋ ಚೆನ್ನಾಗಿ ಬಂತು. ಅಂಬುಜಮ್ಮ ಮನೆಗೆ ಹೋಗಿ ಒಗ್ಗರಣೆ ಹಾಕುತ್ತ ಹಾಡು ಗುನುಗಿದರು.

ಮುಂದಿನ ವಾರ ಮಾನಸ ಆ ದೀಪವನ್ನು ದುಪಟ್ಟಾದಲ್ಲಿ ಸುತ್ತಿಕೊಂಡು ತಂದು ಅವರ ಮುಂದಿಟ್ಟಳು.

"ತಗೊಳ್ಳಿ ಮಿಸ್. ನಿಮ್ದು."

"ನಂದಲ್ಲಮ್ಮ, ನಿಂದು. ನೀನೇ ಮಾಡಿದ್ದು."

"ನಾನು ಮಾಡಿಲ್ಲ. ನೀವ್ ಮಾಡಿದ್ದು."

ಹಾಗೆಂದು ತನ್ನ ಜಾಗಕ್ಕೆ ಹೋಗಿ ಕೂತಳು. ಕೋಪವಿರಲಿಲ್ಲ, ಅಳುವಿರಲಿಲ್ಲ. ಪಕ್ಕದ ಮನೆಯಿಂದ ತಂದ ಪಾತ್ರೆ ವಾಪಸು ಕೊಟ್ಟ ಹಾಗೆ ಕೊಟ್ಟಿದ್ದಳು. ಅಂಬುಜಮ್ಮನಿಗೆ ಮಾತ್ರ ಕಪಾಳಕ್ಕೆ ಬಿದ್ದಂತಾಯಿತು. ಮನೆಗೆ ಬಂದವರೇ ಪಾತ್ರೆಗಳನ್ನು ಕುಕ್ಕತೊಡಗಿದರು.

"ಅಷ್ಟೆಲ್ಲ ಕಷ್ಟಪಟ್ಟು ಮಾಡಿಕೊಟ್ರೆ ತಂದು ಮುಖಕ್ಕೆ ಹಿಡೀತಾಳೆ. ಊರಿಗೆ ಉಪಕಾರ ಮಾಡಬಾರದು ಅನ್ನೋದು ಇದಕ್ಕೇ."

ಸುಧೀಂದ್ರ ಪೇಪರಿನಿಂದ ತಲೆ ಎತ್ತಲಿಲ್ಲ. "ಅವಳು ಹೇಳಿದ್ರಲ್ಲಿ ತಪ್ಪೇನಿದೆ ಕಣೇ? ನನ್ನ ಪದಬಂಧವೂ ನಂದಲ್ಲ."

ಸಂಜೆಯ ಕಾಫಿಯವರೆಗೂ ಅವರೊಡನೆ ಮಾತಿಲ್ಲ. ಕಾಫಿ ಕುಡಿದ ಮೇಲೆ ಅಂಬುಜಮ್ಮನಿಗೆ ಅಳುವೇ ಬಂತು. ಸರ್ವಿಸ್ ಪೂರ್ತಿ ಎಷ್ಟು ಹುಡುಗಿಯರು ಬಾಯಿಬಿಟ್ಟು ಹೇಳದೆ ಹೋದರೋ ಎಂದು ಅವತ್ತು ಮೊದಲ ಸಲ ಅನ್ನಿಸಿತು. ಮಾನಸ ತನ್ನದೇ ಒಂದನ್ನು ಮಾಡಬೇಕು, ತಾನು ಅದನ್ನು ಮುಟ್ಟಬಾರದು, ಎಂದು ಮನಸ್ಸಿನಲ್ಲೇ ನಿಶ್ಚಯಿಸಿದರು. ನಿಶ್ಚಯ ಮಾಡುವುದು ಸುಲಭ. ಹೇಗೆ ಮಾಡಿಸುವುದು?

ಉತ್ತರ ಸಿಕ್ಕಿದ್ದು ರಾಜಾಜಿನಗರದ ಒಂದು ಗೃಹಪ್ರವೇಶದ ಊಟದಲ್ಲಿ. ಎದುರು ಸಾಲಿನಲ್ಲಿ ಸುಧೀಂದ್ರರ ಸೋದರಮಾವ ಸೇತುರಾಮ ಕೂತಿದ್ದರು. ವಯಸ್ಸಾಗಿದೆ, ಕಣ್ಣು ಮಂಜು, ನೆನಪು ಹೋಗಿದೆ, ಯಾರ ಮನೆಗೆ ಬಂದಿದ್ದೇನೆ ಎಂಬುದೂ ಗೊತ್ತಿಲ್ಲ. ಆದರೆ ಎಲೆಯ ಮುಂದೆ ಕೂತ ಮೇಲೆ ಅವರ ಬೆರಳು ಎಡತುದಿಯ ಉಪ್ಪಿಗೆ ನೇರ ಹೋಯಿತು, ಅಲ್ಲಿಂದ ಕೋಸಂಬರಿಗೆ, ಪಲ್ಯಕ್ಕೆ. ಯಾವುದು ಎಲ್ಲಿದೆ ಎಂದು ಯಾರೂ ಹೇಳಬೇಕಾಗಲಿಲ್ಲ. ಅಂಬುಜಮ್ಮ ತೊವ್ವೆ ಕಲಸುವುದನ್ನು ನಿಲ್ಲಿಸಿ ನೋಡುತ್ತ ಕೂತರು. ಮಾನಸ, ಗೌತಮ್ ಎಲ್ಲರೂ ಹುಟ್ಟಿದಾಗಿನಿಂದ ಎಷ್ಟು ಎಲೆಯ ಮುಂದೆ ಕೂತಿಲ್ಲ?

ಮರುದಿನವೇ ಹಸಿರು ರೆಕ್ಸಿನ್ ತಂದು ಬಾಳೆಲೆಯ ಆಕಾರಕ್ಕೆ ಕತ್ತರಿಸಿದರು. ಅನಿಕೇತನ ಗೋಡೆಯ ಚಿತ್ರ, ಭಾಷಣ ಎರಡೂ ಬಂದ್. ಎಲ್ಲರಿಗೂ ಅವರವರ ಜಾಗದಲ್ಲೇ ಒಂದೊಂದು ಎಲೆ. ಉಪ್ಪಿನ ಜಾಗದಲ್ಲಿ ಸ್ವಿಚ್ಚು, ಪಲ್ಯದ ಜಾಗದಲ್ಲಿ ಕೆಂಪು ವೈರು, ಅದರ ಪಕ್ಕ ಕಪ್ಪು ವೈರು, ನಡುವೆ ಅನ್ನದ ಜಾಗದಲ್ಲಿ ಬ್ಯಾಟರಿ ಶೆಲ್ಲಿನ ಡಬ್ಬಿ, ಪಾಯಸದ ಮೂಲೆಯಲ್ಲಿ ದೀಪ. ಒಂದೊಂದಾಗಿ ಬಡಿಸುತ್ತ ಬರುವುದು, ಬಡಿಸಿದ್ದನ್ನು ಜೋಡಿಸಿದ ಮೇಲೆ ಮುಂದಿನದು. ಸಾಸಿವೆ ಸ್ಕ್ರೂ ಬೇಡ, ಹೆಬ್ಬೆರಳಲ್ಲಿ ಒತ್ತಿದರೆ ವೈರು ಕಚ್ಚಿಕೊಳ್ಳುವ ದೊಡ್ಡ ಕ್ಲಿಪ್ಪು. ಚಪ್ಪಾಳೆ ಬೇಡ, ಗೌತಮನಿಗಾಗುವುದಿಲ್ಲ. ಖುಷಿಯಾದರೆ ಕೈ ಎತ್ತಿ ಆಡಿಸಿ. ಅಪ್ಪ ಅಮ್ಮಂದಿರು ವರಾಂಡದಲ್ಲಿ ಕೂರಲಿ, ಯಾಕೆಂದರೆ ಅವರ ಕೈ ಅಂಬುಜಮ್ಮನ ಕೈಗಿಂತ ಚುರುಕು.

ಬಡಿಸಲು ಶುರುಮಾಡಿದರು. ಎಲ್ಲರೂ ಎಲೆ ನೋಡಿದರು, ಅರ್ಥವಾಯಿತು, ಮುಖ ಅರಳಿತು. ಆದರೆ ಕೆಲಸ ಶುರುವಾಗುತ್ತಲೇ ಒಂದು ವಿಚಿತ್ರ. ಇಡೀ ಸಾಲು ಎಡಗೈಯನ್ನು ತೊಡೆಯ ಮೇಲಿಟ್ಟುಕೊಂಡು ಬಲಗೈಯೊಂದರಲ್ಲೇ ವೈರಿನ ಜೊತೆ ಗುದ್ದಾಡುತ್ತಿತ್ತು. ಕ್ಲಿಪ್ಪು ಒತ್ತಿ ಹಿಡಿಯಲು ಒಂದು ಕೈ, ವೈರು ತೂರಿಸಲು ಇನ್ನೊಂದು ಕೈ ಬೇಡವೇ? ಅನಿಕೇತ್ ಗೌತಮನ ಎಡಗೈ ಎತ್ತಿ ಎಲೆಯ ಮೇಲಿಡಲು ಹೋದ. ಗೌತಮ್ ಬೆಂಕಿ ತಾಗಿದ ಹಾಗೆ ಹಿಂದಕ್ಕೆ ಎಳೆದುಕೊಂಡ.

"ಎಡಗೈ ಮುಟ್ಟಬಾರ್ದು," ಎಂದಳು ಮಾನಸ, ಅಷ್ಟೂ ಗೊತ್ತಿಲ್ಲವೇ ಎನ್ನುವಂತೆ. "ಎಲೆ."

ಅಂಬುಜಮ್ಮ ನಕ್ಕ ನಗುವಿಗೆ ವರಾಂಡದವರು ಇಣುಕಿ ನೋಡಿದರು. ಎಲೆಯ ಮರ್ಯಾದೆಯನ್ನು ತಂದಿಟ್ಟವರು ತಾವೇ, ಈಗ ಅದನ್ನು ಮುರಿಯಿರಿ ಎಂದರೆ ಯಾರು ಕೇಳುತ್ತಾರೆ? ಕೊನೆಗೆ ದಾರಿ ಹೊಳೆಯಿತು. ತಾವೇ ಒಂದು ಸೌಟು ಹಿಡಿದು ಸಾಲಿನ ಮುಂದೆ ನಿಂತರು.

"ಬಡಿಸೋರು ಎರಡೂ ಕೈ ಹಿಡೀತಾರೋ ಇಲ್ವೋ? ಪಾತ್ರೆ ಒಂದು ಕೈಲಿ, ಸೌಟು ಒಂದು ಕೈಲಿ. ನೀವೀಗ ಊಟಕ್ಕೆ ಕೂತಿಲ್ಲ. ನೀವೇ ಬಡಿಸೋರು."

ಮಾನಸ ತೊಡೆಯ ಮೇಲಿದ್ದ ತನ್ನ ಎಡಗೈ ನೋಡಿಕೊಂಡಳು. ಅವರ ಮನೆಯಲ್ಲಿ ಬಡಿಸುವ ಕೆಲಸವನ್ನು ಅವಳಿಗೆ ಯಾರೂ ಕೊಟ್ಟಿರಲಿಲ್ಲ. ಎಡಗೈ ಮೇಲೆ ಬಂತು. ಅವಳ ನಂತರ ಸಾಲು ಪೂರ್ತಿ ಬಂತು, ಗೌತಮನದು ಎಲ್ಲಕ್ಕಿಂತ ಕೊನೆಗೆ. ಶೆಲ್ಲಿನ ಡಬ್ಬಿಯನ್ನು ಅಂಬುಜಮ್ಮ ಅನ್ನವೆಂದರೆ ಮಾನಸ ಮಾತ್ರ ಒಪ್ಪಲಿಲ್ಲ. "ಅನ್ನ ಅಲ್ಲ, ಮುದ್ದೆ," ಎಂದಳು. ಆಗಲಿ, ಕೆಂಗೇರಿಯಲ್ಲಿ ಅದು ಮುದ್ದೆಯೇ.

ಕಲಿಯುವವರ ಸಮಸ್ಯೆ ಹೀಗೆ ಬಗೆಹರಿಯಿತು. ಕಲಿಸುವವರದು ಬಗೆಹರಿಯಲಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಅನ್ನುತ್ತಾರಲ್ಲ, ಯಾರದಾದರೂ ವೈರು ಕ್ಲಿಪ್ಪಿನ ಬಾಯಿ ತಪ್ಪಿದರೆ ಅಂಬುಜಮ್ಮನ ಕೈ ತಾನಾಗಿಯೇ ಹೊರಡುತ್ತಿತ್ತು. ಕೈ ಕಟ್ಟಿಕೊಂಡರು, ಸೆರಗಿನಲ್ಲಿ ಸುತ್ತಿಕೊಂಡರು, ಉಪಯೋಗವಾಗಲಿಲ್ಲ. ಉಪಾಯ ಹೇಳಿದವರು ಸುಧೀಂದ್ರ.

"ಕೈಗೆ ಬೇರೆ ಕೆಲಸ ಕೊಡು. ಹತ್ತಿ ತಗೊಂಡು ಹೋಗಿ ಬತ್ತಿ ಹೊಸಿ."

ಅಂದಿನಿಂದ ಶನಿವಾರಗಳಲ್ಲಿ ಅಂಬುಜಮ್ಮ ಎಲೆಗಳ ಸಾಲಿನ ಮುಂದೆ ಹತ್ತಿ ಹಿಡಿದು ಕೂತು ದೀಪದ ಬತ್ತಿ ಹೊಸೆಯತೊಡಗಿದರು. ಒಳ್ಳೆಯ ದಿನ ಬತ್ತಿ ಕೂದಲಿನಷ್ಟು ನಯ. ಕೆಟ್ಟ ದಿನ ಹಗ್ಗದಷ್ಟು ದಪ್ಪ. ಬೀದಿಯ ಅಷ್ಟೂ ದೇವರಮನೆಗಳಿಗೆ ಹಂಚಿದರೂ ಮುಗಿಯದಷ್ಟು ಬತ್ತಿಯಾಯಿತು. ಅಂಬುಜಮ್ಮ ಲಕ್ಷಬತ್ತಿಯ ಹರಕೆ ಹೊತ್ತಿದ್ದಾರೆಂದು ಸುದ್ದಿ ಹಬ್ಬಿ, ಯಾವ ದೇವಸ್ಥಾನಕ್ಕೆ, ಎಂದು ಎದುರುಮನೆಯವರು ಭಕ್ತಿಯಿಂದ ವಿಚಾರಿಸಿದರು. ಅವರು ಅದನ್ನು ಅಲ್ಲಗಳೆಯಲು ಹೋಗಲಿಲ್ಲ.

ಮಾನಸ ದೀಪ ಮಾಡಿ ಮುಗಿಸಿದಳು. ಅದನ್ನು ಮನೆಗೆ ಒಯ್ದಳು, ವಾಪಸು ತರಲಿಲ್ಲ. ಆಮೇಲೆ ಒಂದು ದಿನ ತಾನಾಗಿಯೇ ಕೇಳಿದಳು.

"ಮಿಸ್, ನನಗೆ ಬೆಲ್ಲು ಬೇಕು."

"ಯಾಕಮ್ಮ? ನಿಮ್ಮನೇಲಿ ಇಲ್ವಾ?"

"ಹೊರಗಡೆ ಇದೆ. ನನ್ ರೂಮಿಗೆ ಇಲ್ಲ." ಬಳೆ ತಿರುಗಿಸಿಕೊಂಡಳು. "ಎಲ್ರೂ ಸುಮ್ನೆ ಬರ್ತಾರೆ. ನಾನು ಬಟ್ಟೆ ಹಾಕ್ಕೊಳ್ತಿದ್ರೂ ಬರ್ತಾರೆ."

ಅಂಬುಜಮ್ಮನ ಕೈಯಲ್ಲಿದ್ದ ಬತ್ತಿ ಅರ್ಧಕ್ಕೇ ನಿಂತಿತು. ಆ ಮನೆಯವರು ಕೆಟ್ಟವರಲ್ಲ, ಮಗಳೆಂದರೆ ಜೀವ. ಆದರೆ ಚಿಕ್ಕ ಮಗುವಿನ ಕೋಣೆಗೆ ಯಾರಾದರೂ ಬಾಗಿಲು ತಟ್ಟಿ ಹೋಗುತ್ತಾರೆಯೇ? ಅವರ ಲೆಕ್ಕದಲ್ಲಿ ಅವಳಿನ್ನೂ ಮಗು. ಬಜಾರಿನಿಂದ ಒಂದು ಬೆಲ್ಲು ತಂದು ಹಾಕುವುದು ಬೈರಪ್ಪನವರಿಗೆ ಚಿಟಿಕೆ ಹೊಡೆದಷ್ಟು ಸುಲಭ. ಮಾನಸಳಿಗೆ ಅದು ಬೇಡ. ಅವರು ಹಾಕಿದ್ದನ್ನು ಅವರೇ ತೆಗೆಯಬಹುದು, ತಾನು ಮಾಡಿದ್ದು ತನ್ನದು. ಇಷ್ಟನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ, "ನಾನೇ ಮಾಡ್ತೀನಿ, ನೀವ್ ಮುಟ್ಬಾರ್ದು" ಎಂದಷ್ಟೇ ಹೇಳಿದಳು.

ಬೆಲ್ಲು ದೀಪದಷ್ಟು ಸಲೀಸಲ್ಲ. ಬಾಗಿಲ ಹೊರಗೆ ಸ್ವಿಚ್ಚು, ಒಳಗೆ ಬೆಲ್ಲು, ನಡುವೆ ಉದ್ದುದ್ದ ವೈರು. ಒಂದು ವಾರ ವೈರು ಗಂಟು ಬಿತ್ತು. ಇನ್ನೊಂದು ವಾರ ಅರ್ಧ ಜೋಡಿಸಿದ್ದನ್ನು ಮನೆಗೆ ಒಯ್ಯುವಾಗ ಮೆಟ್ರೋದ ನೂಕುನುಗ್ಗಲಿನಲ್ಲಿ ಕಿತ್ತುಬಂತು. ಒಮ್ಮೆ ಎಲ್ಲ ಸರಿಯಾಗಿದೆ ಅನ್ನುವಷ್ಟರಲ್ಲಿ ಕ್ಲಿಪ್ಪೇ ಮುರಿಯಿತು. ಮಾನಸ ಮನೆಗೆ ಹೋಗಿ ಊಟ ಬಿಟ್ಟು ಮಲಗುತ್ತಿದ್ದಳು. ಕೊನೆಗೆ ವಿಮಲಮ್ಮ ಅಂಬುಜಮ್ಮನನ್ನು ವರಾಂಡದ ಮೂಲೆಗೆ ಕರೆದರು.

"ಬೇಜಾರ್ ಮಾಡ್ಕೋಬೇಡಿ ಮೇಡಂ. ಮುಂದಿನ ಶನಿವಾರಾನೂ ಆಗ್ಲಿಲ್ಲ ಅಂದ್ರೆ ಸಾಕು ಮಾಡ್ತೀವಿ. ಅವಳು ಅಳೋದನ್ನ ನನ್ ಕೈಲಿ ನೋಡಕ್ಕಾಗಲ್ಲ."

"ಇನ್ನೊಂಚೂರು ಟೈಮ್ ಕೊಡಿ ವಿಮಲಮ್ಮ."

"ನಿಮ್ಗೆ ವಾರಕ್ಕೊಂದಿನ. ನನಗೆ ಇಪ್ಪತ್ತಾರು ವರ್ಷ ಆಯ್ತು, ಅವಳು ಆಗಲ್ಲ ಅಂತ ಅಳೋದನ್ನ ನೋಡ್ತಾ. ನೀವೇ ಕೈ ಹಾಕಿ ಮಾಡಿಕೊಟ್ಬಿಡಿ. ನನ್ನ ಪುಣ್ಯ ಅಂದ್ಕೊಳ್ತೀನಿ."

ತಾಯಿಯ ಸಂಕಟ ಸುಳ್ಳಲ್ಲ, ಮಗಳ ಹಟವೂ ಸುಳ್ಳಲ್ಲ. ಆ ವಾರವಿಡೀ ಅಂಬುಜಮ್ಮನ ಸಾರಿಗೆ ಉಪ್ಪು ಒಂದು ದಿನವೂ ಸರಿಬೀಳಲಿಲ್ಲ.

ಶನಿವಾರ ಬಂತು. ವಿಮಲಮ್ಮ ವರಾಂಡದಲ್ಲಿ ಕೂರಲು ಒಪ್ಪದೆ ಒಳಗೇ ಬಂದು ಮಗಳ ಹಿಂದೆ ಕೂತರು. ಅಂಬುಜಮ್ಮ ಎದುರಿಗೆ, ಹತ್ತಿಯ ಪೊಟ್ಟಣದ ಜೊತೆ. ಅವತ್ತು ಗೌತಮನಿಗೂ ಬೆಲ್ಲೇ ಬೇಕಂತೆ, ಅವನ ಎಲೆ ಮಾನಸಳ ಎಲೆಯ ಪಕ್ಕದಲ್ಲೇ. ಮಾನಸ ಬಲಗೈ ಎಡಗೈ ಎರಡನ್ನೂ ಒರೆಸಿಕೊಂಡು ಶುರುಮಾಡಿದಳು. ಉಪ್ಪು. ಪಲ್ಯ. ಮುದ್ದೆ. ವೈರು ಕ್ಲಿಪ್ಪಿನೊಳಗೆ ಹೋಯಿತು, ಕಚ್ಚಿಕೊಂಡಿತು. ಡಬ್ಬಿಯೊಳಗೆ ಎರಡು ಶೆಲ್ಲು ಕೂತವು. ಪಾಯಸದ ಮೂಲೆಯಲ್ಲಿ ಬೆಲ್ಲು. ಸ್ವಿಚ್ಚು ಒತ್ತಿದಳು.

ಸದ್ದಿಲ್ಲ.

ಮತ್ತೆ ಒತ್ತಿದಳು. ಮತ್ತೆ ಮತ್ತೆ ಒತ್ತಿದಳು. ಏನಾಗಿದೆಯೆಂದು ಅಂಬುಜಮ್ಮನಿಗೆ ಒಂದೇ ನೋಟದಲ್ಲಿ ಗೊತ್ತಾಯಿತು. ಎರಡು ಶೆಲ್ಲಿನಲ್ಲಿ ಒಂದು ತಿರುಗುಮುರುಗಾಗಿ ಕೂತಿದೆ. ತೆಗೆದು ತಿರುಗಿಸಿ ಇಟ್ಟರೆ ಮುಗಿಯಿತು, ಕಣ್ಣು ಮಿಟುಕಿಸುವಷ್ಟರ ಕೆಲಸ. ಅವರ ಕೈಯಲ್ಲಿದ್ದ ಬತ್ತಿ ಹಗ್ಗವಾಯಿತು.

"ಮುಟ್ಟಿ ಮೇಡಂ," ಎಂದರು ವಿಮಲಮ್ಮ ಸಣ್ಣ ದನಿಯಲ್ಲಿ. "ಅವಳು ಆ ಕಡೆ ನೋಡಿದಾಗ ಸರಿ ಮಾಡ್ಬಿಡಿ. ಅವಳಿಗೆ ಗೊತ್ತಾಗಲ್ಲ."

ಗೊತ್ತಾಗದೆ ಇರಬಹುದು. ಮಾನಸಳ ಕಣ್ಣಲ್ಲಿ ನೀರು ತುಂಬಿತ್ತು. ಇದೇ ಕೊನೆಯ ಶನಿವಾರ. ಮುಟ್ಟದಿದ್ದರೆ ಹುಡುಗಿ ನಾಳೆಯಿಂದ ಮನೆಯಲ್ಲಿ, ಯಾರು ಬೇಕಾದರೂ ನುಗ್ಗುವ ಆ ಕೋಣೆಯಲ್ಲಿ. ಮುಟ್ಟಿದರೆ ಬೆಲ್ಲು ಬಡಿಯುತ್ತದೆ, ಎಲ್ಲರೂ ಕೈ ಆಡಿಸುತ್ತಾರೆ, ಅಂಬುಜಮ್ಮನೊಬ್ಬರಿಗೆ ಮಾತ್ರ ಅದು ಸುಳ್ಳೆಂದು ಗೊತ್ತಿರುತ್ತದೆ. ಇಷ್ಟು ವರ್ಷದ ಲ್ಯಾಬಿನಲ್ಲಿ ಆ ಸುಳ್ಳಿನ ಜೊತೆ ಸುಖವಾಗಿಯೇ ಇದ್ದರಲ್ಲ. ಈಗ ಯಾಕೋ ಆಗಲಿಲ್ಲ. ಅವರು ಇನ್ನಷ್ಟು ಹತ್ತಿ ಹಿಡಿದುಕೊಂಡರು.

"ಮಾನಸ," ಎಂದರು. "ಊಟಕ್ಕೆ ಕೂತಾಗ ನಿನ್ನೆಲೆಗೆ ಏನಾದ್ರೂ ಬಿಟ್ಟುಹೋಗಿದೆ ಅಂತ ಹೆಂಗೆ ಗೊತ್ತಾಗತ್ತೆ?"

ಮಾನಸ ಮೂಗು ಒರೆಸಿಕೊಂಡಳು. ತಾಯಿಯ ಕಡೆ ಕಳ್ಳನೋಟ ಬೀರಿದಳು. "ಪಕ್ಕದೆಲೆ ನೋಡ್ತೀನಿ. ಅಮ್ಮ ಬೈತಾಳೆ."

"ಇಲ್ಲಿ ಯಾರೂ ಬೈಯಲ್ಲ. ನೋಡು."

ಪರೀಕ್ಷೆಯಲ್ಲಿ ಪಕ್ಕದ ಮೇಜಿನ ಕಡೆ ಕತ್ತು ತಿರುಗಿಸಿದ ಹುಡುಗಿಯರನ್ನು ಎಬ್ಬಿಸಿ ಹೊರಗೆ ಕಳಿಸಿದವರು ಇದೇ ಅಂಬುಜಮ್ಮ. ಗೌತಮ್ ತನ್ನ ಎಲೆಯನ್ನು ಮಾನಸಳ ಕಡೆ ಸರಿಸಿದ. ಅವಳು ಅವನ ಉಪ್ಪು ನೋಡಿದಳು, ತನ್ನ ಉಪ್ಪು ನೋಡಿದಳು. ಅವನ ಪಲ್ಯ, ತನ್ನ ಪಲ್ಯ. ಇಷ್ಟು ನಿಧಾನವಾಗಿ ಯಾರಾದರೂ ಏನನ್ನಾದರೂ ನೋಡಬಲ್ಲರು ಎಂದು ಅಂಬುಜಮ್ಮನಿಗೆ ಗೊತ್ತಿರಲಿಲ್ಲ. ಅನಿಕೇತ್ ಗಡಿಯಾರದ ಕಡೆ ತಿರುಗಿದವನು ಅವರ ಮುಖ ನೋಡಿ ಹಿಂದೆ ಸರಿದ. ಮುದ್ದೆಯ ಹತ್ತಿರ ಮಾನಸಳ ಬೆರಳು ನಿಂತಿತು. ಗೌತಮನ ಡಬ್ಬಿಯಲ್ಲಿ ಒಂದು ಶೆಲ್ಲಿನ ಮೂಗು ಈ ಕಡೆ, ಇನ್ನೊಂದರದು ಆ ಕಡೆ. ತನ್ನ ಡಬ್ಬಿಯಲ್ಲಿ ಎರಡೂ ಮೂಗು ಒಂದೇ ಕಡೆ.

"ಇದು ಮಲಗಿರೋದು ಸರಿ ಇಲ್ಲ," ಎಂದಳು.

ಶೆಲ್ಲು ತೆಗೆದಳು, ಜಾರಿ ಬಿತ್ತು, ವಿಮಲಮ್ಮ ಬಗ್ಗಲು ಹೋಗಿ ತಾವಾಗಿಯೇ ತಡೆದರು. ಮಾನಸ ಮೇಜಿನ ಕೆಳಗೆ ತೂರಿ ಹುಡುಕಿ ತಂದಳು, ತಿರುಗಿಸಿ ಇಟ್ಟಳು, ಒತ್ತಿದಳು. ಬೆಲ್ಲು ಕಿವಿ ಕಿತ್ತುಹೋಗುವ ಹಾಗೆ ಕಿರುಚಿತು. ಗೌತಮ್ ಎರಡೂ ಕಿವಿ ಮುಚ್ಚಿಕೊಂಡ, ಆದರೆ ಎದ್ದು ಹೋಗಲಿಲ್ಲ. ಸಾಲಿನ ಕೈಗಳೆಲ್ಲ ಮೇಲಕ್ಕೆ ಹೋಗಿ ಆಡಿದವು. ಅಂಬುಜಮ್ಮ ಹತ್ತಿಯಲ್ಲೇ ಕಣ್ಣೊರೆಸಿಕೊಂಡರು. ವಿಮಲಮ್ಮನ ಕಣ್ಣಲ್ಲೂ ನೀರು, ಸಾಕು ಮಾಡುವ ಮಾತು ಅಲ್ಲಿಗೆ ಮುಗಿಯಿತು.

ಭಾನುವಾರ ಬೈರಪ್ಪನವರೇ ಫೋನ್ ಮಾಡಿ ಅಂಬುಜಮ್ಮ, ಸುಧೀಂದ್ರ ಇಬ್ಬರನ್ನೂ ಕೆಂಗೇರಿಗೆ ಊಟಕ್ಕೆ ಕರೆದರು. ಅವರು ಹೋಗುವಷ್ಟರಲ್ಲಿ ಮಾನಸ ಬೆಲ್ಲನ್ನು ಒಳಗೆ ಅಂಟಿಸಿ, ಸ್ವಿಚ್ಚನ್ನು ಬಾಗಿಲ ಹೊರಗೆ ತನ್ನ ಎದೆಯ ಮಟ್ಟಕ್ಕೆ ಅಂಟಿಸಿ ಆಗಿತ್ತು. ಸ್ವಿಚ್ಚು ಸ್ವಲ್ಪ ಸೊಟ್ಟ. ಅಂಬುಜಮ್ಮ ಕೈಗಳನ್ನು ಹಿಂದೆ ಕಟ್ಟಿಕೊಂಡು ಅದನ್ನು ನೋಡಿದರು.

ಎಲೆ ಹಾಕಿದ ಮೇಲೆ ಬೈರಪ್ಪ ಮಗಳನ್ನು ಊಟಕ್ಕೆ ಕರೆಯಲು ಹೋದರು. ಭಾರಿ ಆಳು, ಆ ಮನೆಯ ಪ್ರತಿ ಇಟ್ಟಿಗೆಯೂ ಅವರು ನಿಂತು ಇಡಿಸಿದ್ದು. ಅಭ್ಯಾಸದಂತೆ ಬಾಗಿಲು ತಳ್ಳಲು ಕೈ ಎತ್ತಿದವರು ನಡುವೆಯೇ ತಡೆದು, ಹೆಬ್ಬೆರಳಲ್ಲಿ ಸ್ವಿಚ್ಚು ಒತ್ತಿದರು. ಒಳಗೆ ಬೆಲ್ಲು ಕಿರುಚಿತು.

"ಯಾರು?"

"ನಾನು ಕಣವ್ವ. ನಿಮ್ಮಪ್ಪ."

ಒಳಗೆ ಬಳೆಗಳ ಸದ್ದು ಕೇಳಿತು.

"ತಲೆ ಬಾಚ್ಕೊಳ್ತಾ ಇದೀನಿ. ಇರು."

ಬೈರಪ್ಪ ತಿರುಗಿ ಎಲ್ಲರನ್ನೂ ನೋಡಿದರು. ಪಂಚೆ ಸರಿಮಾಡಿಕೊಂಡು, ತಮ್ಮ ಮಗಳ ಬಾಗಿಲ ಮುಂದೆ ಕೈಕಟ್ಟಿ ನಿಂತರು.